ನೆಲದಾಳದ ಬಂಡೆ ಎಷ್ಟು ತಾಳೀತು?

ಕಲ್ಲೆದೆ, ಕಲ್ಲು ಮನಸ್ಸು, ಕಲ್ಲಿನಲ್ಲಿ ಕೊರೆದ ಮಾತು—ಅಲುಗದ, ಕರಗದ, ಬದಲಾಗದ ವಸ್ತುವಿಗೆಲ್ಲ ನಮ್ಮ ಭಾಷೆಯಲ್ಲಿ ಕಲ್ಲೇ ಉಪಮಾನ. ಆದರೆ ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಹುಟ್ಟಿ ಬೆಳೆದ ಹಿರಿಯರನ್ನು ಕೇಳಿನೋಡಿ. ಅವರು ಬೇರೆಯ ಮಾತನ್ನೇ ಹೇಳಿಯಾರು. ನಡುರಾತ್ರಿಯಲ್ಲಿ ಗೂಡಿನ ಮೇಲಿನ ಪಾತ್ರೆಗಳು ಗಡಗಡನೆ ನಡುಗುವುದು, ಗೋಡೆಯ ಗಾರೆ ಸೀಳುವುದು, ಕೂಡಲೇ ಮನೆಮನೆಯವರೂ ಎದ್ದು ಕುಳಿತು ‘ಈ ಪಾಳಿಯಲ್ಲಿ ಯಾರು ಕೆಳಗೆ ಇಳಿದಿದ್ದಾರೆ?’ ಎಂದು ಲೆಕ್ಕ ಹಾಕುವುದು ಅಲ್ಲಿ ಅಪರೂಪದ ಅನುಭವವಾಗಿರಲಿಲ್ಲ. ಅದನ್ನು ಅಲ್ಲಿಯ ಜನ ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ಶಾಸ್ತ್ರದಲ್ಲಿ ಅದರ ಹೆಸರು ಶಿಲಾಸ್ಫೋಟ. ಗಣಿಯೊಳಗೆ ಯಾರೂ ಸಿಡಿಮದ್ದು ಇಡದಿದ್ದಾಗಲೂ, ಬಂಡೆ ತಾನೇ ತಾನಾಗಿ ಸಿಡಿದು ಸುರಂಗವನ್ನು ಮುಚ್ಚಿಬಿಡುವುದಕ್ಕೆ ಈ ಹೆಸರು.

ಬಂಡೆ ಏಕೆ ಸಿಡಿಯುತ್ತದೆ? ಎಷ್ಟು ಹೊರೆಯನ್ನು ತಾಳುತ್ತದೆ? ಯಾವಾಗ ತಾಳಲಾರೆನೆನ್ನುತ್ತದೆ? ಇದನ್ನು ವಿಚಾರಿಸುವ ವಿದ್ಯೆಯೇ ಶಿಲಾಬಲವಿಜ್ಞಾನ. ಒಂದು ಕಾಲಕ್ಕೆ ಅದು ಗಣಿಯವರ, ಸುರಂಗ ತೋಡುವವರ ವಿದ್ಯೆಯಾಗಿತ್ತು. ಈಗ ಹಾಗಲ್ಲ. ನಾವು ಉರಿಸುವ ಎಣ್ಣೆ ಮತ್ತು ಅನಿಲ, ಭೂಗರ್ಭದ ಶಾಖದಿಂದ ಪಡೆಯುವ ವಿದ್ಯುತ್ತು, ಕೊನೆಗೆ ನಮ್ಮ ಹೊಗೆಕೊಳವೆಗಳಿಂದ ಹೊರಟ ಇಂಗಾಲದ ಡೈಆಕ್ಸೈಡನ್ನು ನೆಲದಲ್ಲಿ ಹೂಳುವ ಯೋಜನೆ, ಇವೆಲ್ಲವೂ ಈ ಒಂದು ವಿದ್ಯೆಯ ಮಾತಿಗೆ ಕಿವಿಗೊಡಬೇಕಾಗಿ ಬಂದಿದೆ. ಕಿವಿಗೊಡದೆ ಹೋದಾಗ ಏನಾಯಿತೆಂಬುದಕ್ಕೂ ಉದಾಹರಣೆಗಳುಂಟು.

ಮೊದಲು ಬಂಡೆಯ ಹೊರೆ ಎಷ್ಟೆಂದು ನೋಡೋಣ. ಒಂದು ಘನ ಮೀಟರ್ ಗಟ್ಟಿ ಕಲ್ಲು ಸುಮಾರು ೨.೭ ಟನ್ ತೂಗುತ್ತದೆ. ಹಾಗಾದರೆ ಒಂದು ಕಿಲೋಮೀಟರ್ ಆಳದಲ್ಲಿರುವ ಬಂಡೆಯ ಪ್ರತಿಯೊಂದು ಚದರ ಮೀಟರಿನ ಮೇಲೂ ಸುಮಾರು ೨,೭೦೦ ಟನ್ ಭಾರ ಕುಳಿತಿರುತ್ತದೆ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಅಲ್ಲಿ ಚದರ ಮೀಟರಿಗೆ ಎಂಟು ಸಾವಿರ ಟನ್‌ಗಳ ಮಾತು. ನಾಲ್ಕು ಟನ್ ತೂಗುವ ಆನೆಗಳನ್ನು ಒಂದರ ಮೇಲೊಂದರಂತೆ ಎರಡು ಸಾವಿರದಷ್ಟು ಪೇರಿಸಿ, ಆ ಗೋಪುರವನ್ನು ಒಂದು ದೊಡ್ಡ ಮಣೆಯ ಮೇಲೆ ನಿಲ್ಲಿಸಿದಂತೆ! ಕೆಳಗಿನ ಬಂಡೆ ಈ ಹೊರೆಯನ್ನು ಕೋಟಿ ಕೋಟಿ ವರ್ಷಗಳಿಂದ ಸದ್ದಿಲ್ಲದೆ ಹೊತ್ತುಕೊಂಡಿದೆ. ಮೇಲಿನಿಂದ ಮಾತ್ರವಲ್ಲ, ಅಕ್ಕಪಕ್ಕಗಳಿಂದಲೂ ಒತ್ತಡವುಂಟು. ಎಲ್ಲ ಕಡೆಯಿಂದಲೂ ಹಿಸುಕಿಸಿಕೊಂಡು ಸಮತೂಕದಲ್ಲಿ ನಿಂತಿದೆ.

ಅಂಥ ಬಂಡೆಯಲ್ಲಿ ನಾವು ಒಂದು ತೂತು ಕೊರೆಯುತ್ತೇವೆ. ಆಗ ಏನಾಗುತ್ತದೆ? ದೇವರ ಪಲ್ಲಕ್ಕಿಯನ್ನು ಎಂಟು ಜನ ಹೊತ್ತಿದ್ದಾರೆ ಎಂದುಕೊಳ್ಳಿ. ನಡುವಿನ ಇಬ್ಬರು ಹೆಗಲು ತೆಗೆದರೆ ಪಲ್ಲಕ್ಕಿಯ ಭಾರವೇನೂ ಕಡಿಮೆಯಾಗುವುದಿಲ್ಲ. ಉಳಿದ ಆರು ಜನರ ಹೆಗಲಿಗೆ ಬೀಳುತ್ತದೆ, ಅದರಲ್ಲೂ ಪಕ್ಕದವರ ಹೆಗಲಿಗೆ ಹೆಚ್ಚು. ಬಂಡೆಯಲ್ಲಿಯೂ ಹೀಗೆಯೇ. ತೆಗೆದ ಕಲ್ಲು ಹೊತ್ತಿದ್ದ ಹೊರೆ ಸುರಂಗದ ಅಂಚಿನ ಕಲ್ಲಿಗೆ ಬರುತ್ತದೆ. ಅದು ಮೃದುವಾದ ಕಲ್ಲಾಗಿದ್ದರೆ ಮೆಲ್ಲಗೆ ಬಾಗುತ್ತದೆ, ಕುಸಿಯುತ್ತದೆ. ಗಟ್ಟಿಯಾದ, ಬಿರುಸಾದ ಕಲ್ಲಾದರೆ ಕೊನೆಯ ಗಳಿಗೆಯವರೆಗೂ ಬಿಗಿಹಿಡಿದು, ಆಮೇಲೆ ಒಮ್ಮೆಗೇ ಸಿಡಿಯುತ್ತದೆ. ಗಟ್ಟಿತನವೇ ಅದರ ಅಪಾಯ. ಕೋಲಾರದ ಶಿಲಾಸ್ಫೋಟಗಳ ಗುಟ್ಟು ಇಷ್ಟೇ. ಇವನ್ನು ಅರಿಯಲು ನಡೆದ ದೀರ್ಘ ಪ್ರಯತ್ನಗಳ ಹಿನ್ನೆಲೆಯಲ್ಲಿಯೇ ೧೯೮೮ರಲ್ಲಿ ಕೋಲಾರದ ಗಣಿಯೂರಿನಲ್ಲಿ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಅಲ್ಲಿ ಕಲಿತ ಪಾಠ ಮುಚ್ಚಿಹೋಗಲಿಲ್ಲ.

ಇನ್ನು ಎರಡನೆಯ ಮಾತು. ತೂತು ಕೊರೆದು ಕಲ್ಲನ್ನು ಹೊರತೆಗೆಯುವುದು ಒಂದು ಬಗೆ. ಕಲ್ಲನ್ನು ಅಲ್ಲಿಯೇ ಬಿಟ್ಟು, ಅದರೊಳಗಿನ ಎಣ್ಣೆಯನ್ನೋ ಅನಿಲವನ್ನೋ ನೀರನ್ನೋ ತೆಗೆಯುವುದು ಅಥವಾ ಹೊರಗಿನಿಂದ ತುಂಬುವುದು ಇನ್ನೊಂದು ಬಗೆ. ಕಲ್ಲಿನೊಳಗೆ ಎಣ್ಣೆಗೆ, ನೀರಿಗೆ ಜಾಗವೆಲ್ಲಿ ಎಂದು ನೀವು ಕೇಳಬಹುದು. ನೆಲದಡಿಯಲ್ಲಿ ಎಣ್ಣೆಯ ಕೆರೆಗಳಿವೆ ಎಂದು ಹಲವರ ಭಾವನೆ. ಅದು ಸರಿಯಲ್ಲ. ಮರಳುಕಲ್ಲನ್ನು ರವೆ ಉಂಡೆಗೆ ಹೋಲಿಸಬಹುದು. ಕಣಕ್ಕೆ ಕಣ ಅಂಟಿಕೊಂಡು ಉಂಡೆ ನಿಂತಿದೆ. ಆದರೂ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳುಂಟು. ಉಂಡೆಯ ಮೇಲೆ ತುಪ್ಪ ಬಿಟ್ಟರೆ ಅದು ಒಳಗೆ ಇಂಗುವುದು ಈ ಸಂದುಗಳಿಂದಲೇ. ಮರಳುಕಲ್ಲಿನ ಇಂಥ ಸಂದುಗಳಲ್ಲಿ ನೀರು, ಎಣ್ಣೆ, ಅನಿಲಗಳು ತುಂಬಿಕೊಂಡಿರುತ್ತವೆ. ಕಲ್ಲಿನಂತೆಯೇ ಅವೂ ಒತ್ತಡದಲ್ಲಿ ಇರುತ್ತವೆ.

ಈ ಸಂದಿನ ದ್ರವದ ಒತ್ತಡವೇ ನಮ್ಮ ಕಥೆಯ ಮುಖ್ಯ ಪಾತ್ರ. ಇದರ ಮಹತ್ವವನ್ನು ೧೯೨೦ರ ದಶಕದಲ್ಲಿ ಖಚಿತವಾಗಿ ತೋರಿಸಿಕೊಟ್ಟವನು ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರು. ಆತನ ತತ್ತ್ವವನ್ನು ಅಡಿಗೆಮನೆಯಲ್ಲಿಯೇ ನೋಡಬಹುದು. ಒಲೆಯ ಮೇಲಿನ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದ್ದೀರಿ. ನೀರು ತಣ್ಣಗಿರುವಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಬೇಕಾದರೆ ಸ್ವಲ್ಪ ತಳ್ಳಬೇಕು. ತಟ್ಟೆಯ ಭಾರ ಅದನ್ನು ಪಾತ್ರೆಯ ಅಂಚಿಗೆ ಒತ್ತಿ ಹಿಡಿದಿರುತ್ತದೆ. ನೀರು ಕುದಿಯತೊಡಗಿದರೆ ತಟ್ಟೆ ಕುಣಿಯುತ್ತದೆ, ಬೆರಳು ತಗುಲಿದರೆ ಜಾರುತ್ತದೆ. ತಟ್ಟೆಯ ತೂಕ ಕಡಿಮೆಯಾಯಿತೆ? ಇಲ್ಲ. ಒಳಗಿನ ಆವಿ ಆ ತೂಕದ ಒಂದು ಪಾಲನ್ನು ತಾನು ಹೊತ್ತುಕೊಂಡಿತು. ಅಂಚಿನ ಮೇಲೆ ಬೀಳುವ ಪಾಲು ಕಡಿಮೆಯಾಯಿತು. ಉಜ್ಜುವಿಕೆಯ ಹಿಡಿತ ಸಡಿಲಿತು.

ನೆಲದಾಳದಲ್ಲಿ ಹಳೆಯ ಬಿರುಕುಗಳು ಬೇಕಾದಷ್ಟಿವೆ. ಬಿರುಕಿನ ಎರಡು ಮಗ್ಗುಲುಗಳನ್ನೂ ಪಕ್ಕಕ್ಕೆ ಜಾರಿಸಬೇಕೆಂದು ಭೂಮಿಯ ಬಲಗಳು ತಳ್ಳುತ್ತಿರುತ್ತವೆ. ಎರಡೂ ಮಗ್ಗುಲು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುವುದರಿಂದ ಜಾರುವುದಿಲ್ಲ. ಆ ಬಿರುಕಿಗೆ ಒತ್ತಡದಿಂದ ನೀರು ನುಗ್ಗಿಸಿದರೆ, ನೀರು ಆವಿಯ ಕೆಲಸವನ್ನೇ ಮಾಡುತ್ತದೆ. ಮಗ್ಗುಲುಗಳ ಹಿಡಿತ ಸಡಿಲುತ್ತದೆ. ಅಷ್ಟು ದಿನ ಕಾದಿದ್ದ ಬಲ ಬಿರುಕನ್ನು ಜಾರಿಸುತ್ತದೆ. ಅದೇ ಭೂಕಂಪ. ಬಲವನ್ನು ನಾವು ಕೊಟ್ಟುದಲ್ಲ, ಅದು ಮೊದಲೇ ಅಲ್ಲಿತ್ತು. ಬೀಗವನ್ನು ತೆಗೆದವರು ಮಾತ್ರ ನಾವು.

ಇದು ಬರಿಯ ಊಹೆಯಲ್ಲವೆಂದು ಜಗತ್ತಿಗೆ ಗೊತ್ತಾದದ್ದು ಅಮೆರಿಕದ ಡೆನ್ವರ್ ನಗರದ ಬಳಿ. ಅಲ್ಲಿ ಸೈನ್ಯದ ರಾಸಾಯನಿಕ ಕಾರ್ಖಾನೆಯೊಂದಿತ್ತು. ಅದರ ವಿಷದ ಕೊಳೆನೀರನ್ನು ಎಲ್ಲಿ ಚೆಲ್ಲುವುದೆಂಬ ಚಿಂತೆಗೆ ಪರಿಹಾರವಾಗಿ ೧೯೬೧ರಲ್ಲಿ ೩,೬೭೧ ಮೀಟರ್ ಆಳದ ಬಾವಿಯನ್ನು ಕೊರೆದರು. ೧೯೬೨ರ ಮಾರ್ಚಿಯಲ್ಲಿ ಕೊಳೆನೀರನ್ನು ಒಳಗೆ ತಳ್ಳತೊಡಗಿದರು. ಮುಂದಿನ ತಿಂಗಳಿನಿಂದಲೇ ಆ ಸುತ್ತಿನಲ್ಲಿ ನೆಲ ನಡುಗತೊಡಗಿತು. ಮೂರು ನಾಲ್ಕು ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ಸಣ್ಣ ಕಂಪನಗಳು ದಾಖಲಾದುವು. ೧೯೬೫ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ: ಒಂದರಲ್ಲಿ ತಿಂಗಳು ತಿಂಗಳೂ ಬಾವಿಗೆ ತಳ್ಳಿದ ನೀರಿನ ಪ್ರಮಾಣ, ಇನ್ನೊಂದರಲ್ಲಿ ಆಯಾ ತಿಂಗಳ ಕಂಪನಗಳ ಸಂಖ್ಯೆ. ಒಂದು ಏರಿದಾಗ ಇನ್ನೊಂದು ಏರಿತ್ತು. ಒಂದು ಇಳಿದಾಗ ಇನ್ನೊಂದು ಇಳಿದಿತ್ತು. ೧೯೬೬ರ ಫೆಬ್ರವರಿಯಲ್ಲಿ ನೀರು ತಳ್ಳುವುದನ್ನು ನಿಲ್ಲಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಲಭವಾಗುತ್ತಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಕಂಪನಗಳು ಬಂದುದು ೧೯೬೭ರಲ್ಲಿ, ನೀರು ನಿಲ್ಲಿಸಿ ಒಂದು ವರ್ಷ ಕಳೆದ ಮೇಲೆ. ಇದಕ್ಕೆ ಕಾರಣವುಂಟು. ಬಾವಿಯ ಬಾಯಿ ಮುಚ್ಚಿದ ಮಾತ್ರಕ್ಕೆ ಒಳಗಿನ ಒತ್ತಡ ಮಾಯವಾಗುವುದಿಲ್ಲ. ಮಳೆ ನಿಂತ ಮೇಲೂ ಕೆರೆಯ ನೀರು ಏರುತ್ತಿರುವಂತೆ, ಒತ್ತಡ ಬಿರುಕಿನಿಂದ ಬಿರುಕಿಗೆ ಮೆಲ್ಲಗೆ ಹರಡುತ್ತ ದೂರದ ದೊಡ್ಡ ಬಿರುಕನ್ನು ತಡವಾಗಿ ಮುಟ್ಟಬಹುದು. ‘ನಿಲ್ಲಿಸಿದೆವು, ಇನ್ನು ಭಯವಿಲ್ಲ’ ಎನ್ನುವಂತಿಲ್ಲ. ಇದನ್ನು ಮುಂದೆ ಇತರರು ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು.

ಡೆನ್ವರಿನಿಂದ ಹುಟ್ಟಿದ ಸಂದೇಹವನ್ನು ಪರೀಕ್ಷಿಸಲು ಅದೇ ಕೊಲರಾಡೊ ಸಂಸ್ಥಾನದ ರೇಂಜ್ಲಿ ಎಂಬ ಎಣ್ಣೆಯ ಕ್ಷೇತ್ರದಲ್ಲಿ ಅಲ್ಲಿಯ ಭೂವಿಜ್ಞಾನಿಗಳು ೧೯೬೯ರಿಂದ ೧೯೭೩ರವರೆಗೆ ಒಂದು ದಿಟ್ಟ ಪ್ರಯೋಗ ನಡೆಸಿದರು. ಬಂಡೆಯ ಮೇಲಿನ ಒತ್ತಡಗಳನ್ನು ಅಳೆದರು. ಅದೇ ಬಂಡೆಯ ತುಂಡುಗಳನ್ನು ಪ್ರಯೋಗಶಾಲೆಯಲ್ಲಿ ಉಜ್ಜಿ ಹಿಡಿತವನ್ನು ಕಂಡುಕೊಂಡರು. ನೀರಿನ ಒತ್ತಡ ಎಷ್ಟನ್ನು ಮೀರಿದರೆ ಬಿರುಕು ಜಾರಬೇಕೆಂದು ಲೆಕ್ಕ ಹಾಕಿದರು. ಒತ್ತಡವನ್ನು ಏರಿಸಿದಾಗ ಕಂಪನಗಳು ಹೆಚ್ಚಿದುವು. ಇಳಿಸಿದಾಗ ಬಹುಮಟ್ಟಿಗೆ ನಿಂತುವು. ಲೆಕ್ಕಕ್ಕೂ ನಡೆದುದಕ್ಕೂ ಚೆನ್ನಾಗಿ ಹೊಂದಿಕೆಯಾಯಿತು. ಬಂಡೆಯ ನಡತೆ ದೈವಲೀಲೆಯಲ್ಲ, ಅದಕ್ಕೂ ನಿಯಮವಿದೆ, ಆ ನಿಯಮವನ್ನು ಅಂಕಿಗಳಲ್ಲಿ ಹಿಡಿಯಬಹುದು ಎಂಬ ಧೈರ್ಯ ಈ ಪ್ರಯೋಗದಿಂದ ಬಂದಿತು.

ನಮ್ಮ ನೆರೆಯಲ್ಲಿಯೇ ಇದಕ್ಕೆ ಹತ್ತಿರದ ಒಂದು ಉದಾಹರಣೆ ಉಂಟು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಲ್ಲಿ ೧೯೬೦ರ ದಶಕದ ಮೊದಲಲ್ಲಿ ನೀರು ತುಂಬತೊಡಗಿದ ಮೇಲೆ ಆ ಪ್ರದೇಶದಲ್ಲಿ ಕಂಪನಗಳು ಹೆಚ್ಚಿದುವು. ೧೯೬೭ರ ಡಿಸೆಂಬರಿನಲ್ಲಿ ೬.೩ ಪ್ರಮಾಣದ ಭೂಕಂಪ ಸಂಭವಿಸಿ ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಜಲಾಶಯದ ಭಾರ ಮತ್ತು ಅದರ ನೀರಿನ ಒತ್ತಡ ಆಳದ ಬಿರುಕುಗಳವರೆಗೆ ತಲಪಿದುದೇ ಇದಕ್ಕೆ ಪ್ರೇರಣೆಯೆಂದು ವಿಜ್ಞಾನಿಗಳು ಬಗೆಯುತ್ತಾರೆ. ಕೋಲಾರದಲ್ಲಿಯೂ ಕೈಬಿಟ್ಟ ಗಣಿಗಳಲ್ಲಿ ನೀರು ತುಂಬುತ್ತ ಹೋದಾಗ ನೆಲದ ಕಂಪನಗಳು ದಾಖಲಾಗಿವೆ.

ತುಂಬುವುದು ಅಪಾಯವಾದರೆ, ತೆಗೆಯುವುದು ನಿರಪಾಯವೋ ಎಂದರೆ, ಅದೂ ಇಲ್ಲ. ಹಾಲೆಂಡಿನ ಗ್ರೋನಿಂಗೆನ್ ಪ್ರಾಂತದಲ್ಲಿ ೧೯೫೯ರಲ್ಲಿ ಯೂರೋಪಿನ ಅತಿ ದೊಡ್ಡ ಅನಿಲದ ನಿಕ್ಷೇಪಗಳಲ್ಲಿ ಒಂದು ಸಿಕ್ಕಿತು. ಸುಮಾರು ಮೂರು ಕಿಲೋಮೀಟರ್ ಆಳದ ಮರಳುಕಲ್ಲಿನಲ್ಲಿ ಅನಿಲ ಸುಮಾರು ೩೫೦ ವಾಯುಭಾರಗಳ ಒತ್ತಡದಲ್ಲಿ ಅಡಗಿತ್ತು. ದೇಶದ ಮನೆಮನೆಯ ಒಲೆಗೂ ಆ ಅನಿಲ ಹರಿಯಿತು, ಬೊಕ್ಕಸ ತುಂಬಿತು. ಆದರೆ ಅಷ್ಟೂ ಕಾಲ ಮೇಲಿನ ಹೊರೆಯ ಒಂದು ಪಾಲನ್ನು ಹೊತ್ತಿದ್ದುದು ಆ ಅನಿಲವೇ. ಅದನ್ನು ತೆಗೆದ ಹಾಗೆಲ್ಲ ಆ ಪಾಲು ಮರಳಿನ ಕಣಗಳ ಮೇಲೆ ಬಿದ್ದಿತು, ಕಲ್ಲು ಹಿಸುಕಿಕೊಂಡಿತು, ನೆಲ ಕೆಲವು ಅಂಗುಲಗಳಷ್ಟು ತಗ್ಗಿತು. ಎಲ್ಲೆಡೆಯೂ ಒಂದೇ ಸಮನಾಗಿ ತಗ್ಗಿದ್ದರೆ ಬಾಧೆ ಕಡಿಮೆ. ಬಿರುಕಿನ ಒಂದು ಮಗ್ಗುಲು ಹೆಚ್ಚು, ಇನ್ನೊಂದು ಮಗ್ಗುಲು ಕಡಿಮೆ ತಗ್ಗಿದಾಗ ಬಿರುಕು ಜಾರಿತು. ೨೦೧೨ರ ಆಗಸ್ಟ್ ೧೬ರಂದು ಹೂಯಿಸಿಂಗೆ ಎಂಬ ಹಳ್ಳಿಯಲ್ಲಿ ೩.೬ ಪ್ರಮಾಣದ ಕಂಪನವಾಯಿತು. ಅಂಕಿ ಸಣ್ಣದು, ಆದರೆ ಅದು ನಡೆದುದು ಮೆತ್ತನೆಯ ಮಣ್ಣಿನ ಕೆಳಗೆ, ಹೆಚ್ಚು ಆಳವಲ್ಲದ ಜಾಗದಲ್ಲಿ. ಮೇಲಿದ್ದುದು ಭೂಕಂಪವನ್ನು ಕಂಡರಿಯದ ಇಟ್ಟಿಗೆಯ ಮನೆಗಳು. ಸಾವಿರಾರು ಮನೆಗಳಿಗೆ ಹಾನಿಯಾಯಿತು. ಕೊನೆಗೆ, ನೆಲದಲ್ಲಿ ಇನ್ನೂ ಬೇಕಾದಷ್ಟು ಅನಿಲವಿದ್ದರೂ, ೨೦೨೩ರ ಅಕ್ಟೋಬರಿನಲ್ಲಿ ಅಲ್ಲಿ ಉತ್ಪಾದನೆಯನ್ನು ನಿಲ್ಲಿಸಿದರು.

ಭೂಗರ್ಭದ ಶಾಖದ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಆಳಕ್ಕೆ ಹೋದಂತೆ ಬಂಡೆ ಬಿಸಿಯಾಗುತ್ತದೆ; ಕೋಲಾರದ ತಳದ ಗಣಿಗಳಲ್ಲಿ ಬಂಡೆಯ ಬಿಸಿ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಐದು ಕಿಲೋಮೀಟರ್ ಆಳದ ಬಿಸಿ ಗ್ರಾನೈಟಿನ ಮೂಲಕ ನೀರನ್ನು ಹರಿಸಿ ಮೇಲೆ ತಂದರೆ ಹೊಗೆಯಿಲ್ಲದ ಶಕ್ತಿ ದೊರೆಯುತ್ತದೆ. ಆದರೆ ಗ್ರಾನೈಟಿನಲ್ಲಿ ನೀರು ಹರಿಯಲು ದಾರಿ ಬೇಕಲ್ಲ! ಒತ್ತಡದಿಂದ ನೀರು ನುಗ್ಗಿಸಿ ಹಳೆಯ ಬಿರುಕುಗಳನ್ನು ಬಿಡಿಸಬೇಕು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ೨೦೦೬ರ ಡಿಸೆಂಬರಿನಲ್ಲಿ ಹೀಗೆ ಮಾಡಿದರು. ಬಾಸೆಲ್ ೧೩೫೬ರಲ್ಲಿ ದೊಡ್ಡ ಭೂಕಂಪದಿಂದ ಹಾಳಾಗಿದ್ದ ಊರು. ಆರು ದಿನಗಳಲ್ಲಿ ಸುಮಾರು ೧೧,೫೦೦ ಘನ ಮೀಟರ್ ನೀರು ಒಳಗೆ ಹೋಯಿತು. ಸಣ್ಣ ಕಂಪನಗಳು ಹೆಚ್ಚಿದುದನ್ನು ಕಂಡು ಕೆಲಸ ನಿಲ್ಲಿಸಿದರು. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ, ೮ನೆಯ ತಾರೀಖು, ೩.೪ ಪ್ರಮಾಣದ ಕಂಪನ ಊರನ್ನು ಬೆಚ್ಚಿಬೀಳಿಸಿತು. ಪ್ರಾಣಹಾನಿಯಾಗಲಿಲ್ಲ, ಗೋಡೆ ಬಿರುಕಿನ ದೂರುಗಳು ಸಾವಿರಾರು ಬಂದುವು, ೨೦೦೯ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ದಕ್ಷಿಣ ಕೊರಿಯದ ಪೊಹಾಂಗಿನಲ್ಲಿ ನಡೆದುದು ಇದಕ್ಕಿಂತ ಕಠಿಣ. ಅಲ್ಲಿಯೂ ಬಿಸಿ ಬಂಡೆಗೆ ನೀರು ತಳ್ಳುವ ಯೋಜನೆ. ಕೊನೆಯ ಸಲ ನೀರು ತಳ್ಳಿದ್ದು ೨೦೧೭ರ ಸೆಪ್ಟೆಂಬರಿನಲ್ಲಿ. ಎರಡು ತಿಂಗಳು ಸುಮ್ಮನೆ ಕಳೆಯಿತು. ನವೆಂಬರ್ ೧೫ರಂದು ಸುಮಾರು ೫.೫ ಪ್ರಮಾಣದ ಭೂಕಂಪವಾಗಿ ಕಟ್ಟಡಗಳು ಜಖಂಗೊಂಡುವು, ಹಲವಾರು ಜನ ಗಾಯಗೊಂಡರು, ಅನೇಕರು ಮನೆ ಬಿಟ್ಟರು. ಮರುದಿನ ಇಡೀ ದೇಶದಲ್ಲಿ ನಡೆಯಬೇಕಾಗಿದ್ದ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯನ್ನು ಒಂದು ವಾರ ಮುಂದೂಡಬೇಕಾಯಿತು. ಸರಕಾರ ನೇಮಿಸಿದ ತಜ್ಞರ ಸಮಿತಿ ೨೦೧೯ರಲ್ಲಿ ವರದಿ ಕೊಟ್ಟಿತು: ತಳ್ಳಿದ ನೀರು, ಮೊದಲೇ ಜಾರಲು ಸಿದ್ಧವಾಗಿದ್ದ ಒಂದು ದೊಡ್ಡ ಬಿರುಕನ್ನು ಕೆಣಕಿತ್ತು. ಮುಖ್ಯ ಕಂಪನಕ್ಕೆ ಮೊದಲು ಸಣ್ಣ ಕಂಪನಗಳು ಒಂದೇ ಸಮತಲದ ಮೇಲೆ ಸಾಲುಗಟ್ಟಿದ್ದುವು. ಬಂಡೆ ಎಚ್ಚರಿಕೆ ಕೊಟ್ಟಿತ್ತು. ಅದನ್ನು ಓದಿಕೊಳ್ಳುವುದರಲ್ಲಿ ತಪ್ಪಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಇಂಗಾಲವನ್ನು ಹೂಳುವ ಮಾತಿಗೆ ಬರೋಣ. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿ ಮಾನವರು ವರ್ಷವರ್ಷವೂ ಸುಮಾರು ೩,೭೦೦ ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತಿದ್ದಾರೆ. ಭೂಮಿಯ ಹವೆ ಬಿಸಿಯಾಗುತ್ತಿರುವುದಕ್ಕೆ ಇದೇ ಮುಖ್ಯ ಕಾರಣ. ನೆಲದಿಂದ ತೆಗೆದ ಇಂಗಾಲವನ್ನು ನೆಲಕ್ಕೇ ಹಿಂದಿರುಗಿಸಿದರೆ ಆಗದೆ? ತಾತ್ತ್ವಿಕವಾಗಿ ಆಗುತ್ತದೆ. ನಿಸರ್ಗದ ಒಂದು ಸೌಕರ್ಯವೂ ನಮಗುಂಟು. ಈ ಅನಿಲ ಒಂದು ಟನ್ನಿನಷ್ಟಿದ್ದರೆ ನೆಲದ ಮೇಲೆ ಐನೂರು ಘನ ಮೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಸುಮಾರು ೮೦೦ ಮೀಟರಿಗಿಂತ ಕೆಳಗೆ, ಬಿಸಿ ೩೧ ಡಿಗ್ರಿಯನ್ನೂ ಒತ್ತಡ ೭೩ ವಾಯುಭಾರಗಳನ್ನೂ ಮೀರಿದಾಗ, ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ದಟ್ಟವಾದ ಸ್ಥಿತಿಗೆ ಬಂದು, ಎರಡು ಘನ ಮೀಟರಿಗಿಂತ ಕಡಿಮೆ ಜಾಗದಲ್ಲಿ ಅಡಗಿಬಿಡುತ್ತದೆ.

ಆದರೂ ಅದು ಸುತ್ತಣ ಉಪ್ಪುನೀರಿಗಿಂತ ಹಗುರ. ಬಾವಿಗೆ ಬಿದ್ದ ಬೆಂಡಿನಂತೆ ಮೇಲಕ್ಕೇ ಬರಲು ಹೊಂಚುತ್ತದೆ. ಆದುದರಿಂದ ಮೇಲುಗಡೆ ಸಂದಿಲ್ಲದ ಜೇಡಿಗಲ್ಲಿನ ಮುಚ್ಚಳ ಬೇಕು. ಮುಚ್ಚಳ ಸರಿಯಾಗಿದ್ದರೆ ಕಾಲವೇ ನಮ್ಮ ಪಕ್ಷಕ್ಕೆ ಕೆಲಸ ಮಾಡುತ್ತದೆ. ಒಂದಷ್ಟು ಅನಿಲ ಕಣಗಳ ಸಂದಿನಲ್ಲಿ ಹನಿಹನಿಯಾಗಿ ಸಿಕ್ಕಿಕೊಳ್ಳುತ್ತದೆ. ಒಂದಷ್ಟು ನೀರಿನಲ್ಲಿ ಕರಗುತ್ತದೆ. ಕರಗಿದುದರಲ್ಲಿ ಒಂದಷ್ಟು ಬಹುಕಾಲದ ಮೇಲೆ ಖನಿಜವಾಗಿ, ಕಲ್ಲೇ ಆಗುತ್ತದೆ.

ಈ ಕೆಲಸವನ್ನು ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿದವರು ನಾರ್ವೆಯವರು. ಉತ್ತರ ಸಮುದ್ರದ ಸ್ಲೈಪ್ನರ್ ಎಂಬ ಕ್ಷೇತ್ರದಲ್ಲಿ ಹೊರತೆಗೆದ ಅನಿಲದಲ್ಲಿ ಬೇಡದ ಇಂಗಾಲದ ಡೈಆಕ್ಸೈಡು ಬೆರೆತಿತ್ತು. ಗಾಳಿಗೆ ಬಿಟ್ಟರೆ ನಾರ್ವೆ ೧೯೯೧ರಲ್ಲಿ ಹಾಕಿದ ತೆರಿಗೆ ಕೊಡಬೇಕು. ೧೯೯೬ರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನಿನಂತೆ ಸಮುದ್ರತಳದ ಕೆಳಗಿನ ಉಟ್ಸಿರಾ ಎಂಬ ಮರಳುಪದರಕ್ಕೆ ತಳ್ಳತೊಡಗಿದರು. ಆ ಪದರ ಬಹಳ ವಿಸ್ತಾರ, ಬಹಳ ಸಡಿಲ; ಮೂರರಲ್ಲೊಂದು ಪಾಲಿಗೂ ಹೆಚ್ಚು ಸಂದುಗಳೇ. ಹೀಗಾಗಿ ಒತ್ತಡ ಏರಲೇ ಇಲ್ಲವೆನ್ನಬಹುದು. ದೊಡ್ಡ ಕೆರೆಗೆ ಕೊಡ ನೀರು ಸುರಿದಂತೆ.

ಎಲ್ಲ ನೆಲವೂ ಸ್ಲೈಪ್ನರ್ ಅಲ್ಲ. ಆಲ್ಜೀರಿಯದ ಮರಳುಗಾಡಿನ ಇನ್ ಸಲಾಹ್ ಎಂಬಲ್ಲಿ ೨೦೦೪ರಿಂದ ಇಂಥದೇ ಕೆಲಸ ನಡೆಯಿತು. ಅಲ್ಲಿ ಸುಮಾರು ೧,೯೦೦ ಮೀಟರ್ ಆಳದಲ್ಲಿ ಇದ್ದುದು ಇಪ್ಪತ್ತೇ ಮೀಟರ್ ದಪ್ಪದ, ಬಿಗಿಯಾದ ಮರಳುಕಲ್ಲು. ತಳ್ಳಲು ಹೆಚ್ಚು ಒತ್ತಡ ಬೇಕಾಯಿತು. ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಂದ ಅಳೆದಾಗ, ಬಾವಿಗಳ ಮೇಲಿನ ನೆಲ ವರ್ಷಕ್ಕೆ ಕೆಲವು ಮಿಲಿಮೀಟರುಗಳಷ್ಟು ಉಬ್ಬುತ್ತಿರುವುದು ಕಂಡಿತು. ಸುಮಾರು ಎರಡು ಕಿಲೋಮೀಟರ್ ಆಳದ ಒತ್ತಡವನ್ನು ಆಕಾಶದಿಂದ ಓದಿದರೆಂಬುದು ಆಶ್ಚರ್ಯದ ಮಾತಲ್ಲವೆ? ಒಂದು ಬಾವಿಯ ಮೇಲೆ ಉಬ್ಬು ಎರಡು ಹಾಲೆಗಳಾಗಿ ಕಾಣಿಸಿಕೊಂಡಿತು. ಕೆಳಗೆ ನೆಟ್ಟಗಿನ ಬಿರುಕೊಂದು ಬಾಯಿಬಿಟ್ಟಿರಬೇಕೆಂಬುದಕ್ಕೆ ಅದು ಗುರುತು. ಮುಚ್ಚಳದ ಬಂಡೆಯನ್ನು ದಾಟಿ ಅನಿಲ ನೆಲದ ಮೇಲಕ್ಕೆ ಬಂದುದಕ್ಕೆ ಸಾಕ್ಷಿ ಸಿಗಲಿಲ್ಲವಾದರೂ, ಮುಚ್ಚಳದ ಭದ್ರತೆಯ ಬಗ್ಗೆ ಶಂಕೆ ಹುಟ್ಟಿ ೨೦೧೧ರಲ್ಲಿ ತಳ್ಳುವುದನ್ನು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಸುಮಾರು ೩೮ ಲಕ್ಷ ಟನ್ ಒಳಗೆ ಸೇರಿತ್ತು. ಅಳತೆ ಮಾಡುತ್ತಿದ್ದುದರಿಂದಲೇ ನಿಲ್ಲಿಸಬೇಕಾದ ಸಮಯ ಗೊತ್ತಾಯಿತೆಂಬುದನ್ನು ಗಮನಿಸಬೇಕು.

ಐಸ್‌ಲೆಂಡಿನವರು ಮೂರನೆಯ ದಾರಿ ಹಿಡಿದರು. ಅವರ ದ್ವೀಪವೆಲ್ಲ ಜ್ವಾಲಾಮುಖಿಯ ಬಸಾಲ್ಟ್ ಕಲ್ಲು. ಅವರು ಅನಿಲವನ್ನು ನೀರಿನಲ್ಲಿ ಕರಗಿಸಿ, ಸೋಡಾ ನೀರಿನಂತೆ ಮಾಡಿ, ೨೦೧೨ರಲ್ಲಿ ಬಸಾಲ್ಟಿನೊಳಕ್ಕೆ ತಳ್ಳಿದರು. ಬಸಾಲ್ಟಿನ ಸುಣ್ಣಾಂಶ ಮೊದಲಾದುವುಗಳೊಡನೆ ಕೂಡಿ ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಎರಡು ವರ್ಷಗಳೊಳಗಾಗಿ ಕಲ್ಲಾಯಿತೆಂದು ೨೦೧೬ರಲ್ಲಿ ಪ್ರಕಟವಾಯಿತು. ಕರಗಿದ ಅನಿಲ ಮೇಲಕ್ಕೇಳುವುದಿಲ್ಲ, ಕಲ್ಲಾದುದು ಸೋರುವುದಿಲ್ಲ. ಆದರೆ ಒಂದು ಟನ್ ಅನಿಲವನ್ನು ಕರಗಿಸಲು ಇಪ್ಪತ್ತು ಟನ್ನಿಗೂ ಹೆಚ್ಚು ನೀರು ಬೇಕು. ನಮ್ಮ ಬೆಳಗಾವಿ, ವಿಜಯಪುರ, ಕಲಬುರ್ಗಿಗಳ ಕಡೆಯ ಕಪ್ಪು ನೆಲದ ಕೆಳಗೆ ಇರುವುದೂ ಬಸಾಲ್ಟೇ, ದಖನ್ನಿನ ಹಾಸುಗಲ್ಲು. ಅಲ್ಲಿಯೂ ಹೀಗೆ ಮಾಡಬಹುದೆ ಎಂದು ವಿಜ್ಞಾನಿಗಳು ಯೋಚಿಸುತ್ತಿದ್ದಾರೆ. ಬಸಾಲ್ಟಿನ ಪದರಗಳ ನಡುವಣ ನೀರೇ ಆ ಸೀಮೆಯ ಬಾವಿಗಳಿಗೆ ಜೀವವೆಂಬುದನ್ನೂ, ಕೊಯ್ನಾ ಇರುವುದು ಅದೇ ಕಲ್ಲಿನ ನಾಡಿನಲ್ಲೆಂಬುದನ್ನೂ ಆ ಯೋಚನೆಯಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.

ಬಂಡೆಯ ಸ್ವಭಾವವನ್ನು ಅರಿತು ಅದಕ್ಕೆ ಹೊಂದಿಕೊಂಡು ನಡೆದರೆ ಎಷ್ಟು ಅನುಕೂಲವೆಂಬುದಕ್ಕೆ ಕರಾವಳಿಯಲ್ಲಿ ಒಂದು ನಿದರ್ಶನವುಂಟು. ಆಪತ್ಕಾಲಕ್ಕೆಂದು ದೇಶ ಕೂಡಿಡುವ ಕಚ್ಚಾ ಎಣ್ಣೆಗಾಗಿ ಮಂಗಳೂರಿನಲ್ಲಿ ೧೫ ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ೨೫ ಲಕ್ಷ ಟನ್ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿಯೇ ತೋಡಲಾಗಿದೆ. ಒಳಗೆ ಉಕ್ಕಿನ ತೊಟ್ಟಿಯಿಲ್ಲ, ಬರಿಯ ಬಂಡೆ. ಎಣ್ಣೆ ಸೋರದೆ? ಗುಹೆಯ ಮೇಲುಗಡೆ ಸಾಲುಸಾಲಾಗಿ ತೂತು ಕೊರೆದು ನೀರು ತುಂಬಿ, ಒಂದು ನೀರಿನ ಪರದೆಯನ್ನು ಕಟ್ಟುತ್ತಾರೆ. ಸುತ್ತಣ ಬಂಡೆಯ ಸಂದುಗಳಲ್ಲಿ ನೀರಿನ ಒತ್ತಡ ಎಣ್ಣೆಯದಕ್ಕಿಂತ ಹೆಚ್ಚಾಗಿರುವಂತೆ ನೋಡಿಕೊಳ್ಳುತ್ತಾರೆ. ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಹೋಗದು. ಜಿನುಗಿದ ನೀರು ತಳ ಸೇರುತ್ತದೆ, ಅದನ್ನು ಎತ್ತಿ ಹಾಕುತ್ತಾರೆ. ಡೆನ್ವರಿನಲ್ಲಿ ಬೀಗ ತೆಗೆದ ನೀರಿನ ಒತ್ತಡವೇ ಇಲ್ಲಿ ಕಾವಲುಗಾರ.

ಹಾಗಾದರೆ ಶಿಲಾಬಲವಿಜ್ಞಾನಿ ನಮಗೆ ಹೇಳುವುದೇನು? ನೆಲಕ್ಕೆ ಏನನ್ನಾದರೂ ತಳ್ಳುವ ಮೊದಲು ಬಂಡೆಯ ಮೇಲೆ ಯಾವ ದಿಕ್ಕಿನಿಂದ ಎಷ್ಟು ಒತ್ತಡವಿದೆಯೆಂದು ಅಳೆಯಿರಿ. ಕೊಳವೆಬಾವಿಯ ಒಂದು ಸಣ್ಣ ಭಾಗವನ್ನು ಮುಚ್ಚಿ ನೀರಿನಿಂದ ಸೀಳಿ ನೋಡಿದರೆ, ಆ ಅಳತೆ ಸಿಗುತ್ತದೆ. ಬಿರುಕುಗಳ ನಕ್ಷೆ ಬರೆಯಿರಿ. ಜಾರುವ ದಿಕ್ಕಿನಲ್ಲಿರುವ ದೊಡ್ಡ ಬಿರುಕಿನ ಬಳಿಗೆ ಹೋಗಬೇಡಿ. ಮುಚ್ಚಳದ ಬಂಡೆ ಸೀಳುವ ಒತ್ತಡಕ್ಕಿಂತ ಸಾಕಷ್ಟು ಕೆಳಗೇ ಇರಿ. ಹಳೆಯ ಕೈಬಿಟ್ಟ ಬಾವಿಗಳನ್ನು ಹುಡುಕಿ ಭದ್ರವಾಗಿ ಮುಚ್ಚಿರಿ. ಎಲ್ಲಕ್ಕೂ ಮಿಗಿಲಾಗಿ, ಕೆಲಸಕ್ಕೆ ಮೊದಲೂ, ನಡೆಯುವಾಗಲೂ, ಮುಗಿದ ಮೇಲೂ ನೆಲಕ್ಕೆ ಕಿವಿಗೊಟ್ಟು ಕುಳಿತಿರಿ. ಮನುಷ್ಯರ ಕಿವಿಗೆ ಕೇಳಿಸದಷ್ಟು ಸಣ್ಣ ಚಿಟಪಟ ಸದ್ದುಗಳನ್ನು ಹಿಡಿಯುವ ಯಂತ್ರಗಳಿವೆ. ಆ ಸದ್ದು ಹೆಚ್ಚಿದರೆ ನಿಧಾನಿಸಿ, ಸಾಲುಗಟ್ಟಿದರೆ ನಿಲ್ಲಿಸಿ.

ಈ ಉಪಾಯದಿಂದಲೇ ನಮ್ಮ ಹೊಗೆಯ ಚಿಂತೆಯೆಲ್ಲ ತೀರಿತೆಂದು ಯಾರೂ ಭಾವಿಸಬಾರದು. ಸ್ಲೈಪ್ನರಿನಲ್ಲಿ ಹೂಳುತ್ತಿದ್ದುದು ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್. ಮಾನವಕುಲ ಬಿಡುವುದು ಅದರ ಮೂವತ್ತೇಳು ಸಾವಿರ ಪಟ್ಟು. ಸಿಮೆಂಟು, ಉಕ್ಕು ಮೊದಲಾದ, ಬೇರೆ ದಾರಿ ಸುಲಭವಾಗಿಲ್ಲದ ಕೈಗಾರಿಕೆಗಳಿಗೆ ಇದು ನೆರವಾಗಬಹುದು. ಬಿಡುವುದನ್ನೇ ಕಡಿಮೆ ಮಾಡುವ ಕರ್ತವ್ಯಕ್ಕೆ ಇದು ಬದಲಿಯಲ್ಲ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಮೇಲಿನ ಎಲ್ಲ ಕಥೆಗಳಲ್ಲೂ ಬಂಡೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಮನೆ, ಮನೆಯಲ್ಲಿ ಜನ ಇದ್ದರು. ಗ್ರೋನಿಂಗೆನ್ನಿನ ರೈತನಿಗಾಗಲಿ ಪೊಹಾಂಗಿನ ವಿದ್ಯಾರ್ಥಿಗಾಗಲಿ ತನ್ನ ಕಾಲ ಕೆಳಗೆ ಏನು ನಡೆಯುತ್ತಿದೆಯೆಂದು ತಿಳಿಯುವ ಹಕ್ಕಿತ್ತು. ಲೆಕ್ಕ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ಆ ಜನರ ಮುಂದಿಟ್ಟು, ‘ಇಷ್ಟು ಗೊತ್ತು, ಇಷ್ಟು ಅಪಾಯ ಉಳಿದಿದೆ, ಹಾನಿಯಾದರೆ ಹೊಣೆ ನಮ್ಮದು’ ಎಂದು ಮೊದಲೇ ಹೇಳುವುದು ಎಂಜಿನಿಯರನ ಕೆಲಸದ ಒಂದು ಅಂಗವೇ ಆಗಬೇಕು. ಕೋಲಾರದ ಗಣಿಯವರು ಮನೆಗೆ ಹಿಂದಿರುಗುವವರೆಗೆ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬಂಡೆಗೆ ಸಹನೆಯುಂಟು, ಆ ಸಹನೆಗೆ ಎಲ್ಲೆಯೂ ಉಂಟು. ಎಲ್ಲೆಯನ್ನು ಮೊದಲೇ ಅರಿತು ನಡೆಯುವವನಿಗೆ ಅದು ಒಳ್ಳೆಯ ನೆರೆಯವನು.